ಗೋಡೆಯ ಹಿಂದಿನ ಗೂಡು

ಚಳಿ ಬಿಡುವ ಕಾಲ, ಬಿಸಿಲು ಆಗಷ್ಟೇ ಬೆಂಚಿನ ತುದಿ ಮುಟ್ಟಿತ್ತು, ಆ ಹೊತ್ತಿನಲ್ಲೇ ಶುರುವಾದದ್ದು ಇದೆಲ್ಲ, ನಕ್ಷೆ ಮಾಡಲು ಬಂದ ಮೇಡಂ ಬರೀ ಮಣ್ಣಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತ ಮುಂದೆ ಕಟ್ಟಲಿರುವ ಇಡೀ ಆಟದ ಬಯಲನ್ನು ನಿಜದ ಅಳತೆಗೇ ಬರೆದರು, ಇದು ಜಾರುಬಂಡೆ, ಇದು ಇಳಿಜಾರು ದಾರಿ, ಓಡಾಡಿ ನೋಡ್ರೋ ಮಕ್ಕಳಾ, ನನ್ನ ಮೊಮ್ಮಗಳು ಗಾಲಿಕುರ್ಚಿ ತಳ್ಳಿಕೊಂಡು ಗೆರೆಗಳ ನಡುವೆ ಸುತ್ತಿ ಬಂದು ಮೂಗು ಮುರಿದಳು — ಯಾಕೆ ಪುಟ್ಟಿ, ಎಲ್ಲೂ ಅಡ್ಡ ಇಲ್ಲ, ಎಲ್ಲಿದ್ರೂ ಅಜ್ಜಿಗೆ ಕಾಣ್ತೀಯ, ಅಂದರು ಮೇಡಂ. ಅದೇ ಮೇಡಂ, ಎಲ್ಲಿದ್ರೂ ಕಾಣ್ತೀನಿ, ಬಚ್ಚಿಟ್ಕೊಳ್ಳೋದೆಲ್ಲಿ? ಮೇಡಂ ಮತ್ತೆ ಸುಣ್ಣ ತುಂಬಿಕೊಂಡು ಬಂದರು. ಆಮೇಲೆ ಒಂದು ಬಾಗಿದ ಗೋಡೆ, ಅದರ ಹಿಂದೆ ಕುರ್ಚಿ ಹಿಡಿಸುವಂಥ ಗೂಡು, ಅಲ್ಲೇ ಗೆರೆ ಎಳೆದರು, ಇವಳು ಒಳಗೆ ಹೋಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿ ಕೂತಳು, ಗೋಡೆ ಎಲ್ಲಿತ್ತು, ಬರೀ ಬಿಳಿ ಗೆರೆ, ಆದರೂ ಪಕ್ಕದ ಮನೆ ಬಾಡಿಗೆಯವರ ಮಗಳು ಚೂಟಿ ಎದುರಿಗೇ ನಿಂತು, ಎಲ್ ಹಾಳಾಗೋದ್ಳೋ ಇವಳು ಅಂತ ಸುತ್ತ ನೋಡಿ, ಸಿಕ್ಕಿದ್ಲು ಔಟ್ ಅಂತ ಕಿರುಚಿ ಬೆನ್ನಿಗೆ ಗುದ್ದಿದಳು, ನಿಧಾನ ಕಣೇ ಅಂದರೆ, ಸುಮ್ನಿರಿ ಅಜ್ಜಿ, ಮೊನ್ನೆ ನನ್ನ ಕಾಲ್ಮೇಲೆ ಕುರ್ಚಿ ಹತ್ಸಿದ್ಲಲ್ಲ, ಲೆಕ್ಕ ಚುಕ್ತಾ — ಎಷ್ಟು ನಕ್ಕಿತು ನನ್ನ ಕೂಸು. ಬೇರೆ ಮಕ್ಕಳು ಒಳ್ಳೆಯವರು, ಅದೇ ಕಷ್ಟ, ಅವಳನ್ನ ಔಟ್ ಮಾಡ್ಬೇಡ್ರೋ ಪಾಪ ಅನ್ನುವವರು, ಪಾಪ ಅಂದಾಗಲೆಲ್ಲ ಅವಳ ಮುಖ ಸಣ್ಣಗಾಗುವುದು ನನಗೊಬ್ಬಳಿಗೇ ಕಾಣುವುದು. ಎಲ್ಲ ಕಟ್ಟಿ ಮುಗಿಸಿ ಇವತ್ತು ಬಯಲಿನ ಗೇಟು ತೆಗೆದಿದ್ದಾರೆ, ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಮೇಡಂ ಪಕ್ಕದಲ್ಲಿ ಕೂತು ಹೇಗಿದೆ ಅಮ್ಮಾ ಗೋಡೆ ಅಂದರು, ಚೆನ್ನಾಗಿದೆ ತಾಯಿ, ಗಟ್ಟಿಯಾಗಿದೆ, ಇನ್ನೇನು ಹೇಳಲಿ, ಕಣ್ಣಾಮುಚ್ಚಾಲೆಗೆ ಎಣಿಸಿದ ದೊಡ್ಡ ಹುಡುಗಿ ಒಬ್ಬೊಬ್ಬರನ್ನೇ ಹಿಡಿದಳು, ಗೋಡೆಯ ಕಡೆ ತಿರುಗಿದಳು — ಅಲ್ಲಿ ಅವಳಿದ್ದಾಳೆ, ಪಾಪ, ಇರ್ಲಿ ಬಿಡ್ರೇ, ಆಟ ಮುಗೀತು ಅಂದಳು, ಎಲ್ಲರೂ ಜಾರುಬಂಡೆಗೆ ಓಡಿದರು. ನಾನೇ ಹೋಗಲೇ, ಅಜ್ಜಿ ಹುಡುಕಿದರೆ ಅದು ಆಟವೇ, ಮಂಡಿಗೆ ಕೈಯೂರಿ ಎದ್ದವಳು ಮತ್ತೆ ಕೂತೆ, ಬೆಂಚಿನಿಂದ ಓರೆಯಾಗಿ ಕಾಣುವುದು ಗಾಲಿಯ ಅಂಚು, ಒಂದು ಮೊಣಕೈ, ಬಾಯಿಯ ಮೇಲೆ ಎರಡೂ ಕೈ, ನಗು ಹೊರಗೆ ಬಾರದ ಹಾಗೆ, ಯಾರೋ ಇನ್ನೇನು ಬಂದೇಬಿಟ್ಟರು ಅನ್ನುವ ಹಾಗೆ, ಇನ್ನೂ ಹಾಗೇ, ಹಾಗೇ — ಚೂಟಿಯ ಮನೆಯವರು ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನು ಹೇರಿಕೊಂಡು ಹೊರಟುಹೋದದ್ದು ಕಳೆದ ಶುಕ್ರವಾರ.