ಟೈಲರಣ್ಣನ ಮಾತ್ರೆ

ಮಾನಸಿಕ ವಾರ್ಡಿನಲ್ಲಿ ಬೆಳಗಿನ ಮಾತ್ರೆ ಹಂಚುತ್ತಿದ್ದ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮೂಲೆಯ ಹಾಸಿಗೆಯಿಂದ ನಗು ಕೇಳಿ ಅವಳು ತಟ್ಟನೆ ನಿಂತಳು. ಮೂರು ತಿಂಗಳಿಂದ ಅವಳೆದುರು ತುಟಿ ಬಿಚ್ಚದ ಟೈಲರ್, ವಾರದ ಹಿಂದಷ್ಟೇ ಬಂದ ಹೊಸ ನರ್ಸಿಗೆ, "ನಿನ್ನ ತೋಳಿನ ಹೊಲಿಗೆ ಸೊಟ್ಟ ಕಣಮ್ಮಾ, ಯಾವ ಪುಣ್ಯಾತ್ಮ ಹೊಲಿದದ್ದು?" ಎನ್ನುತ್ತಿದ್ದ.

ದೊಡ್ಡಕ್ಕನ ಹೊಟ್ಟೆಯೊಳಗೆ ಯಾರೋ ಖಾರ ಅರೆದಂತಾಯಿತು. ಇಪ್ಪತ್ತೆರಡು ವರ್ಷ ಈ ವಾರ್ಡಿಗೆ ತೇದ ಜೀವ. ತನ್ನ ತೋಳಿನ ಹೊಲಿಗೆಯನ್ನು ಒಬ್ಬರಾದರೂ ನೋಡಿದ್ದುಂಟೆ?

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ," ಎಂದಳು, ಕೇಳಲಿ ಎಂದೇ. "ನಲವತ್ತು ಜನ ಇದ್ದಾರೆ ತಾಯಿ. ಹೀಗೆ ಹರಟ್ತಾ ಕೂತ್ರೆ ಕೆಲಸ ಯಾರು ಮಾಡೋರು?"

"ಇದೂ ಕೆಲಸಾನೇ ಅಲ್ವಾ ಅಕ್ಕಾ?"

ಹುಡುಗಿಯ ದನಿಯಲ್ಲಿ ಸೊಕ್ಕಿರಲಿಲ್ಲ. ಇದ್ದಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಟೈಲರನ ಕೈಗೆ ಮಾತ್ರೆಯಿಟ್ಟು, ಅವನು ಬಾಯಿಗೆ ಹಾಕುವ ಮೊದಲೇ ಪುಸ್ತಕದಲ್ಲಿ 'ನುಂಗಿದರು' ಎಂದು ಬರೆದು ಮುಂದೆ ಸಾಗಿದಳು. ಅದೇ ವಾರ್ಡಿನ ರೂಢಿ.

ಸ್ವಲ್ಪ ಹೊತ್ತಿಗೆ ಹೊಸಬಳು ಅವಳನ್ನು ಕಿಟಕಿಯ ಬಳಿ ಕರೆದಳು. "ಅಕ್ಕಾ, ಟೈಲರಣ್ಣ ಮಾತ್ರೆ ನುಂಗ್ತಾನೇ ಇಲ್ವಂತೆ. ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗೀತಾರಂತೆ. ನುಂಗಿದ್ರೆ ಕೈ ನಡುಗಿ ಸೂಜಿಗೆ ದಾರ ಪೋಣಿಸೋಕಾಗಲ್ವಂತೆ. 'ಕೈ ಹೋದಮೇಲೆ ತಲೆ ಸರಿಯಾಗಿ ಏನು ಮಾಡ್ಲಿ' ಅಂದ್ರು. ನಾವು ಇದನ್ನ ಹೇಳೋಕೆ ಒಪ್ಪಿದ್ದಾರೆ. ನೀವು ಹಿರಿಯರು, ಡಾಕ್ಟ್ರಿಗೆ ನೀವೇ ಹೇಳಿ."

ನನಗೇಕೆ ಹೇಳಲಿಲ್ಲ ಎಂಬುದೇ ಮೊದಲು ಚುಚ್ಚಿತು. ಪುಸ್ತಕದ ನೆನಪಾದದ್ದು ಆಮೇಲೆ. ಪುಟದಿಂದ ಪುಟಕ್ಕೆ 'ನುಂಗಿದರು', ತನ್ನದೇ ದುಂಡು ಅಕ್ಷರ.

ಅಷ್ಟರಲ್ಲಿ ಡಾಕ್ಟರು ಬಂದು ಆ ಪುಟಗಳನ್ನೇ ತಿರುವಿದರು. "ಇಷ್ಟು ದಿನ ನುಂಗಿಯೂ ಗುಣ ಇಲ್ವಲ್ಲ. ಡೋಸ್ ಇಮ್ಮಡಿ ಮಾಡಿ, ಬೀಗದ ವಾರ್ಡಿಗೆ ಕಳಿಸೋಣ."

ಟೈಲರ್ ಹಾಸಿಗೆಯಂಚು ಬಿಗಿಹಿಡಿದ. ಹೊಸಬಳು ದೊಡ್ಡಕ್ಕನ ಮುಖ ನೋಡಿದಳು. ಇದನ್ನು ನಾನೇ ಕಂಡುಹಿಡಿದೆ ಎಂದು ದೊಡ್ಡಕ್ಕ ಹೇಳಿಬಿಟ್ಟಿದ್ದರೂ ಹುಡುಗಿ ಸುಮ್ಮನಿರುತ್ತಿದ್ದಳು. ಆ ಮಾತು ಬಾಯಿಯವರೆಗೂ ಬಂತು.

"ಅವರು ನುಂಗಿಲ್ಲ ಡಾಕ್ಟ್ರೇ. ನಾನು ನೋಡದೇ ಬರೆದದ್ದು," ಎಂದಳು ದೊಡ್ಡಕ್ಕ. "ನುಂಗಿದ್ರೆ ಕೈ ನಡುಗುತ್ತಂತೆ. ನನಗಲ್ಲ, ಇವಳಿಗೆ ಹೇಳಿದ್ದಾರೆ."

ಡಾಕ್ಟರು ಟೈಲರನತ್ತ ತಿರುಗಿದರು. "ಅದಕ್ಕೆ ಬೇರೆ ಔಷಧಿ ನೋಡಬಹುದಪ್ಪಾ. ಮೊದಲೇ ಹೇಳಬಾರದಿತ್ತಾ?"

"ಕೇಳಿದ್ರೆ ತಾನೇ ಸ್ವಾಮಿ?" ಎಂದ ಟೈಲರ್.

ಮಧ್ಯಾಹ್ನವಾದರೂ ದೊಡ್ಡಕ್ಕನ ಹೊಟ್ಟೆಯ ಉರಿ ಆರಿರಲಿಲ್ಲ. ಆದರೂ ಗೋಡೆಗೆ ಮುಖಮಾಡಿ ಮಲಗಿದ್ದ ಮುದುಕನ ಪಕ್ಕದಲ್ಲಿ ಕುಳಿತು, "ಅಜ್ಜಾ, ಈ ಮಾತ್ರೆ ನಿಮಗೆ ಹೇಗಾಗ್ತಿದೆ?" ಎಂದು ಕೇಳಿದಳು.

ಅಜ್ಜ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಅವಳು ಏಳಲಿಲ್ಲ.