ಕಸೂತಿಯ ಹಿಂಬದಿ

ದೇವಕ್ಕ ನನಗೆ ಒಪ್ಪಿಸಿದ ಕೆಲಸ ಸರಳವಾಗಿತ್ತು. ಅವಳೂ ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಇನ್ನು ಮೂವರು ಹೆಂಗಸರೂ ಕಸೂತಿ ಹಾಕಿದ ಕುರ್ತಾಗಳನ್ನು ಪವಾಯಿಯ ಒಂದು ಬಟ್ಟೆ ಅಂಗಡಿಗೆ ಮಾರಬೇಕಿತ್ತು. ಅಂಗಡಿಯವರು ಮೊದಲು ಮಾದರಿಗಳ ಫೈಲು ಕೇಳಿದ್ದರು, ಅದನ್ನು ನಾನು ಸಿದ್ಧಪಡಿಸಬೇಕಿತ್ತು. ಆರು ಹಾಳೆಗಳು, ಪ್ರತಿ ಹಾಳೆಯಲ್ಲಿ ಕುರ್ತಾದ ಫೋಟೊ, ಅಳತೆ, ದರ, ಜೊತೆಗೆ ಅಂಗೈ ಅಗಲದ ಒಂದು ಕಸೂತಿಯ ತುಂಡು. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಅಂಕಗಣಿತ ಕಲಿಸಿದವನ ಅಕ್ಷರ ದುಂಡಗಿದೆ, ಇಂಗ್ಲಿಷೂ ಬರುತ್ತದೆ ಎಂಬುದೇ ನನ್ನ ಅರ್ಹತೆ. ಆರ್ಡರ್ ಸಿಕ್ಕರೆ ದೇವಕ್ಕ ಚೆಂಬೂರಿನ ಎರಡು ಮನೆಗಳ ಅಡುಗೆ ಕೆಲಸ ಬಿಡುವವಳಿದ್ದಳು.

“ತುಂಡಿನ ಮ್ಯಾಲಿನ ಅಂಚಷ್ಟ ಹೊಲೀರಿ ಮಾಸ್ತರ, ಕೆಳಗ ಸಡ್ಲ ಇರ್ಲಿ,” ಎಂದಿದ್ದಳು. “ತಿಳಿದವರು ಮದ್ಲ ಹೊಳ್ಳಿಸಿ ನೋಡ್ತಾರ.”

ಸಡಿಲವಾಗಿ ತೂಗುವ ಬಟ್ಟೆ ನನಗೆ ಅಶಿಸ್ತೆನಿಸಿತು. ಹಿಂಬದಿಯೆಂದರೆ ಕಚ್ಚಾ ಲೆಕ್ಕ. ಅದನ್ನು ಯಾರೂ ಪರೀಕ್ಷಕನಿಗೆ ತೋರಿಸುವುದಿಲ್ಲ. ಮನೆಯಲ್ಲಿ ಅರ್ಧ ಬಾಟಲಿ ಅಂಟು ಉಳಿದಿತ್ತು. ವ್ಯರ್ಥವಾಗಬಾರದೆಂದು ಆರೂ ತುಂಡುಗಳ ಹಿಂದೆ ಪೂರ್ತಿ ಬಳಿದು ಅಂಟಿಸಿ, ಮೇಲೆ ನಿಘಂಟು ಹೇರಿ ಒಣಗಿಸಿದೆ. ಒಂದು ಮೂಲೆಯೂ ಏಳಲಿಲ್ಲ. ನನಗೆ ಹೆಮ್ಮೆಯಾಯಿತು.

ದೇವಕ್ಕನಿಗೆ ಅಡುಗೆಯ ವೇಳೆ. ಅಂಗಡಿಗೆ ನಾನೊಬ್ಬನೇ ಹೋದೆ. ಖರೀದಿ ನೋಡಿಕೊಳ್ಳುವ ಸ್ನೇಹಲ್ ಎಂಬ ತರುಣಿ ಮೊದಲ ಹಾಳೆ ತೆರೆದವಳೇ ತುಂಡಿನ ಅಂಚಿಗೆ ಉಗುರು ಹಾಕಿದಳು. ಏಳಲಿಲ್ಲ. ಎರಡನೆಯದೂ ಏಳಲಿಲ್ಲ.

“ಪೀಛೇ ಸೇ ಚಿಪ್ಕಾಯಾ ಕ್ಯೂಂ, ಅಂಕಲ್? ಮಷೀನ್ ಕಾ ಕಾಮ್ ಹೈ ನಾ?” ಹಿಂದೆ ಯಾಕೆ ಅಂಟಿಸಿದ್ದೀರಿ, ಯಂತ್ರದ ಕೆಲಸ ತಾನೆ ಎಂದು ನಕ್ಕಳು. “ಔರ್ ಮಷೀನ್ ಕಾ ಇತನಾ ರೇಟ್?” ಯಂತ್ರದ್ದಕ್ಕೆ ಇಷ್ಟು ದರವೇ ಎಂದು ಹುಬ್ಬೇರಿಸಿದಳು.

ದೇವಕ್ಕನ ಮಾತು ಆಗ ಅರ್ಥವಾಯಿತು. ಯಂತ್ರದ ಕೆಲಸಕ್ಕೆ ಹಿಂದೆ ದಾರದ ಗೋಜಲಿರುತ್ತದೆ. ಎಳೆ ಎಣಿಸಿ ಹಾಕಿದ ಕೈಕಸೂತಿಗೆ ಗಂಟೇ ಇಲ್ಲ; ಹಿಂದೂ ಮುಂದೂ ಒಂದೇ. ಆ ಕೈಗಳಿಗೆ ಇದ್ದ ಏಕೈಕ ಸಾಕ್ಷಿಯನ್ನು ನಾನು ಅಂಟಿನಲ್ಲಿ ಮುಚ್ಚಿದ್ದೆ. ತಪ್ಪು ನನ್ನದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಪ್ಪತ್ತೈದರ ಹುಡುಗಿಯ ಮುಂದೆ ನಾಲಗೆ ಏಳಲಿಲ್ಲ. ಫೈಲು ಮಡಚಿಕೊಂಡು ಬಂದೆ.

ದೇವಕ್ಕ ಬಾಗಿಲಲ್ಲೇ ಕಾದಿದ್ದಳು. “ಏನಂದ್ರು ಮಾಸ್ತರ?”

“ದರಾ ಜಾಸ್ತಿ ಆತಂತ.”

ಸುಳ್ಳಲ್ಲ, ಉತ್ತರವೂ ಅಲ್ಲ.

ಅವಳು ಒಂದು ಕುರ್ತಾ ತೆಗೆದು ಬೆಳಕಿಗೆ ಹಿಡಿದಳು. “ದರಾ ಅಲ್ಲರೀ. ನನ್ನ ಕಣ್ಣ ಮಂಜಾಗ್ಯಾವ. ಎಲ್ಲೋ ಎಳಿ ತಪ್ಪಿರಬೇಕು. ಚೆಂಬೂರಿನ ಮನಿಯವ್ರಿಗೆ ಕೆಲಸಾ ಬಿಡ್ತೀನಂತ ಹೇಳಿರಲಿಲ್ಲ, ಚಲೋ ಆತು.”

ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹಾಳೆಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿದೆ. ತುಂಡುಗಳು ಬಿಟ್ಟವು, ಬೆನ್ನಿಗೆ ಕಾಗದ ಹತ್ತಿಕೊಂಡೇ ಇತ್ತು. ಅವನ್ನು ಒಯ್ದು ಅವಳ ಮುಂದಿಟ್ಟೆ.

“ಪೂರ್ತಿ ಅಂಟು ಹಚ್ಚಿದಾಂವ ನಾನು ದೇವಕ್ಕ. ಅದಕ್ಕ ಆಕಿ ಮಷೀನಿಂದು ಅಂದ್ಳು. ನಾ ಸುಮ್ನ ಎದ್ದು ಬಂದೆ.”

ಅವಳು ಉಗುರಿನಿಂದ ಕಾಗದ ಕೀಳತೊಡಗಿದಳು. “ಎರಡ ದಿನಾ ನನ್ನ ಕಣ್ಣಿಗೆ ಬೈಕೋತ ಕುಂತಿದ್ದೆ ಮಾಸ್ತರ.”

ನಾನು ಹಾಳೆಗಳನ್ನು ಹೊಸದಾಗಿ ಬರೆದು ತಂದಮೇಲೆ ಅವಳು ಹೊಸ ತುಂಡುಗಳನ್ನೂ ಸೂಜಿಯನ್ನೂ ಕೊಟ್ಟಳು. “ಹೊಲೀರಿ. ನನ್ನ ಮುಂದ.”

ಹೊಲಿದೆ. ಅವಳು ಹಾಳೆ ತಿರುವಿ ನನ್ನ ಹೊಲಿಗೆಯ ಬೆನ್ನು ನೋಡಿದಳು. “ಲೆಕ್ಕದ ಮಾಸ್ತರಂತ! ಎಣಿಸಾಕ ಬರೂದಿಲ್ಲೇನ್ರಿ?” ನಗಲಿಲ್ಲ.

ಮರುದಿನ ಫೈಲನ್ನು ಅಂಗಡಿಗೆ ಒಯ್ದಾಗ ಸ್ನೇಹಲ್ ತುಂಡನ್ನು ಮಗುಚಿ, ಬೆರಳಾಡಿಸಿ, ಹಿಂದೆ ಮುಂದೆ ಮತ್ತೆ ಮತ್ತೆ ನೋಡಿದಳು. “ಉಸ್ ದಿನ್ ಕ್ಯೂಂ ನಹೀಂ ದಿಖಾಯಾ?” ಅಂದೇ ಯಾಕೆ ತೋರಿಸಲಿಲ್ಲ ಎಂದು ಕೇಳಿದಳು.

“ಗಲತೀ ಮೇರೀ ಥೀ,” ತಪ್ಪು ನನ್ನದೇ ಎಂದೆ.

ದೀಪಾವಳಿ ಮಾರಾಟಕ್ಕೆ ಅಂಗಡಿಯಲ್ಲಿದ್ದ ಜಾಗವನ್ನು ಅವಳು ಹಿಂದಿನ ದಿನವೇ ಬೇರೆಯವರಿಗೆ ಕೊಟ್ಟಾಗಿತ್ತು. ಸಂಕ್ರಾಂತಿಗೆ ಬನ್ನಿ ಎಂದು ಫೈಲು ಇಟ್ಟುಕೊಂಡಳು.

ದೇವಕ್ಕ ಈಗಲೂ ಬೆಳಿಗ್ಗೆ ಐದೂವರೆಗೆ ಚೆಂಬೂರಿಗೆ ಹೊರಡುತ್ತಾಳೆ. ಅವಳ ಚಪ್ಪಲಿಯ ಸದ್ದು ನನ್ನ ಬಾಗಿಲು ದಾಟುವವರೆಗೆ ಹಾಸಿಗೆಯಲ್ಲಿ ಎದ್ದು ಕುಳಿತಿರುತ್ತೇನೆ. ಸಂಕ್ರಾಂತಿಗೆ ಇನ್ನು ನೂರ ಹದಿನಾಲ್ಕು ದಿನ. ಎಣಿಸಲು ನನಗೆ ಬರುತ್ತದೆ.