ಕಬ್ಬಿಣದ ಪಟ್ಟಿಯ ಆಚೆ ಈಚೆ

ಸೇತುವೆಯ ನಟ್ಟನಡುವೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇದೆ. ಅದರಿಂದ ಈಚೆಗೆ ನಮ್ಮ ಠಾಣೆ, ಆಚೆಗೆ ಹೊಳೆಯಾಚೆಯ ಠಾಣೆ. ಹೆದ್ದಾರಿಯ ಗಸ್ತು ಗಾಡಿ ಎರಡೂ ಕಡೆ ಓಡಾಡುತ್ತದೆ. ಆದರೆ ಗಾಯಾಳುವನ್ನು ಸಾಗಿಸುವುದು, ರಸ್ತೆ ತೆರವು ಮಾಡುವುದು ಬಿಟ್ಟರೆ ಅವರಿಗೆ ಬೇರೆ ಅಧಿಕಾರವಿಲ್ಲ. ಕೇಸು ಬರೆದುಕೊಳ್ಳಬೇಕಾದವರು ಠಾಣೆಯವರು, ಅವರಿಗೋ ಅದು ಬೇಡದ ತಲೆನೋವು. ಈಚೆ ಅಪಘಾತವಾದರೆ ನಮ್ಮ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಬಂದು ಜಖಂ ಆದ ಗಾಡಿಯನ್ನು ಪಟ್ಟಿಯಾಚೆ ಎಳೆಸುತ್ತಾನೆ. ಆಚೆಯಾದರೆ ಅವರು ಈಚೆ ಎಳೆಸುತ್ತಾರೆ. ಹೆದ್ದಾರಿ ಬದಿಯಲ್ಲಿ ಬದುಕುವ ನಮಗೆಲ್ಲ ಇದು ಹಳೆಯ ತಮಾಷೆ. ನನ್ನ ತಮ್ಮ ಆ ಸೇತುವೆಯ ಮೇಲೆ ಬೀಳುವ ತನಕ ತಮಾಷೆಯೇ ಆಗಿತ್ತು.

ತಮ್ಮ ಪಾರ್ಸೆಲ್ ಕಂಪನಿಯ ಸ್ಕೂಟರ್ ಓಡಿಸುತ್ತಿದ್ದ. ಹಾಡಹಗಲೇ ಒಂದು ಲಾರಿ ಹಿಂದಿನಿಂದ ಗುದ್ದಿ, ನಿಲ್ಲಿಸದೆ ಹೋಯಿತು. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯವರೆಗೆ ತೆಗೆದರು. ಎಚ್ಚರವಾದಾಗೆಲ್ಲ ಕೇಳುವುದು ಒಂದೇ ಮಾತು: "ಅಕ್ಕಾ, ಆ ಲಾರಿ ಸಿಕ್ತಾ?" ಟೋಲ್ ಗೇಟಿನ ಕ್ಯಾಮೆರಾದಲ್ಲಿ ಆ ಲಾರಿ ಇದ್ದೇ ಇರುತ್ತದೆ. ಆದರೆ ಠಾಣೆಯಿಂದ ಪತ್ರ ಬಾರದೆ ಟೋಲಿನವರು ಯಾರಿಗೂ ತೋರಿಸುವುದಿಲ್ಲ. ಕೆಲವು ದಿನ ಕಳೆದರೆ ದೃಶ್ಯ ತಾನಾಗಿಯೇ ಅಳಿಸಿಹೋಗುತ್ತದೆಯಂತೆ.

ನಾನು ಲಾರಿ ಸೀಟುಗಳಿಗೆ ಹೊದಿಕೆ ಹೊಲಿಯುವವಳು. ಯಂತ್ರಕ್ಕೆ ಬಟ್ಟೆ ಮುಚ್ಚಿ ಠಾಣೆಗೆ ಅಲೆಯಲು ಶುರುಮಾಡಿದೆ. ನಮ್ಮ ಇನ್‌ಸ್ಪೆಕ್ಟರ್, ಸ್ಕೂಟರ್ ಬಿದ್ದಿದ್ದು ಪಟ್ಟಿಯಾಚೆ, ಅಲ್ಲಿಗೆ ಹೋಗಮ್ಮ ಎಂದ. ಹೊಳೆಯಾಚೆಯ ಇನ್‌ಸ್ಪೆಕ್ಟರ್, ಗಾಜಿನ ಚೂರೆಲ್ಲ ನಿಮ್ಮ ಕಡೆಯೇ ಬಿದ್ದಿದೆ, ಸ್ಕೂಟರನ್ನು ಯಾರೋ ಎಳೆದು ತಂದಿದ್ದಾರೆ, ನಿಮ್ಮ ಠಾಣೆಗೇ ಹೋಗಿ ಎಂದ. ಹೋದೆ, ಮತ್ತೆ ಬಂದೆ, ಮತ್ತೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಕಾಲು ಕಳೆದುಕೊಂಡವನು ಅಲ್ಲಿ ಮಲಗಿದ್ದಾನೆ, ಆ ಕಾಲು ಯಾರ ಸರಹದ್ದಿನಲ್ಲಿ ಹೋಯಿತು ಎಂದು ಈ ಮಹಾನುಭಾವರು ನನ್ನ ಕೈಯಲ್ಲಿ ಹುಡುಕಿಸುತ್ತಿದ್ದಾರೆ.

ಕೊನೆಗೆ ಸೇತುವೆಗೇ ಹೋಗಿ ನೋಡಿದೆ. ಗಾಜಿನ ಚೂರು ಈಚೆಗೇ ಇದ್ದವು. ಅಲ್ಲಿಂದ ಡಾಂಬರಿನ ಮೇಲೆ ಕೆರೆದ ಗುರುತು ಉದ್ದಕ್ಕೆ ಹೋಗಿ ಪಟ್ಟಿಯನ್ನು ದಾಟಿತ್ತು. ಯಾರೋ ಎಳೆದಿದ್ದಾರೆ ಎಂಬ ಮಾತು ಆಗ ತಲೆಗೆ ಹತ್ತಿತು. ಈ ಸೇತುವೆಗೆ ಬರುವುದು ಒಂದೇ ಕ್ರೇನ್. ಅದನ್ನು ಓಡಿಸುವುದು ನನ್ನ ಗಂಡ.

ಅವರು ಶೆಡ್ಡಿನಲ್ಲಿ ಕ್ರೇನಿನ ಸರಪಳಿಗೆ ಗ್ರೀಸ್ ಹಚ್ಚುತ್ತಿದ್ದರು. ನನ್ನ ಮುಖ ನೋಡಿದವರೇ ಬಟ್ಟೆ ಕೆಳಗಿಟ್ಟರು. ಕಂಪನಿಯ ಸ್ಕೂಟರುಗಳೆಲ್ಲ ಒಂದೇ ಥರ, ನಂಬರ್ ಪ್ಲೇಟಿನ ಸಮೇತ ಹಿಂಭಾಗ ನಜ್ಜುಗುಜ್ಜಾಗಿತ್ತು, ಬಿದ್ದವನನ್ನು ಆಗಲೇ ಸಾಗಿಸಿದ್ದರು, ಹೆಡ್ ಎಂದಿನಂತೆ ಗದ್ದ ಎತ್ತಿ ಆಚೆ ತೋರಿಸಿದ, ಕೊಕ್ಕೆ ಹಾಕಿದೆ ಎಂದರು. ಯಾರ ಸ್ಕೂಟರ್ ಎಂದು ತಿಳಿದಿದ್ದು ಮನೆಗೆ ಬಂದ ಮೇಲಂತೆ. ತಿಳಿದ ಮೇಲೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೆಡ್ ಕರೆಯದಿದ್ದರೆ ಕ್ರೇನಿಗೆ ಕೆಲಸವಿಲ್ಲ.

"ನಿನ್ನ ಭಾಮೈದನ ರಕ್ತಕ್ಕೆ ಕೊಕ್ಕೆ ಹಾಕಿ ಎಳ್ದಿದ್ದೀಯ," ಎಂದೆ. ಮದುವೆಯಾದಾಗಿನಿಂದ ನಾನು ಅವರನ್ನು ನೀನು ಎಂದವಳಲ್ಲ. ಅವರು ತಲೆ ತಗ್ಗಿಸಿ ಕೂತರು. ಅದನ್ನು ಕಂಡು ಇನ್ನಷ್ಟು ಸಿಟ್ಟು ಬಂತು.

ಅದೇ ವಾರ ರಸ್ತೆ ಸುರಕ್ಷತೆಯ ಸಭೆ ಇತ್ತು. ಕುರ್ಚಿ ತುಂಬಿಸಲು ಹೆದ್ದಾರಿ ಬದಿಯವರನ್ನೆಲ್ಲ ಕರೆಸಿದ್ದರು. ವಿದೇಶ ಸುತ್ತಿ ಬಂದ ದೊಡ್ಡ ಅಧಿಕಾರಿಯೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ಒಂದು ದೇಶದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಹೆದ್ದಾರಿ ಪೊಲೀಸ್, ಇನ್ನೊಂದರಲ್ಲಿ ಪಟ್ಟಣದಾಚೆಯ ರಸ್ತೆಯನ್ನು ಸೈನಿಕರಂಥ ಪಡೆ ಕಾಯುತ್ತದೆ, ಮತ್ತೊಂದರಲ್ಲಿ ಹೆದ್ದಾರಿಗೆಂದೇ ಬೇರೆ ಠಾಣೆಗಳಿವೆ. ಫಳಫಳ ಹೊಳೆಯುವ ಕಾರು, ಹೆಲಿಕಾಪ್ಟರು. ಮುಂದಿನ ಸಾಲಿನಲ್ಲಿ ನಮ್ಮ ಇಬ್ಬರು ಇನ್‌ಸ್ಪೆಕ್ಟರೂ ತಲೆದೂಗುತ್ತಿದ್ದರು. ಆ ತಲೆಗಳನ್ನು ನೋಡಿ ನನಗೆ ಸಹಿಸಲಾಗಲಿಲ್ಲ.

ಎದ್ದು ನಿಂತೆ. "ಸಾರ್, ಆ ದೇಶಗಳಲ್ಲಿ ಸೇತುವೆ ಮಧ್ಯೆ ಬಿದ್ದವನು ಯಾರ ಪಾಲು?"

ಅಧಿಕಾರಿ ನಕ್ಕು, ಒಳ್ಳೆಯ ಪ್ರಶ್ನೆ ಎಂದ. ನಾನು ತಮ್ಮನ ವಿಷಯ ಹೇಳಿದೆ. ನಗು ನಿಂತಿತು. ಇನ್‌ಸ್ಪೆಕ್ಟರುಗಳ ಕಡೆ ತಿರುಗಿದ. ಒಬ್ಬ ಆಚೆ ಎಂದ, ಇನ್ನೊಬ್ಬ ಈಚೆ ಎಂದ. ಆಗ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ನನ್ನ ಗಂಡ ಎದ್ದಿದ್ದರು.

"ಸ್ಕೂಟರ್ ಎಳ್ದಿದ್ದು ನಾನು ಸಾರ್. ಹೆಡ್ ಸಾಹೇಬ್ರು ಹೇಳಿದ್ರು, ಎಳ್ದೆ. ಯಾವಾಗ್ಲೂ ಹಾಗೇ ಎಳೆಯೋದು."

ಸಾವರಿಸಿಕೊಂಡು ಮೊದಲು ಬಾಯಿ ತೆಗೆದವನು ನಮ್ಮ ಇನ್‌ಸ್ಪೆಕ್ಟರ್. ಇದು ಸಾಕ್ಷ್ಯನಾಶ, ನಮ್ಮ ಸರಹದ್ದಿನ ಅಪರಾಧ, ಇವನನ್ನು ನಾವು ಬಂಧಿಸುತ್ತೇವೆ ಎಂದ. ಹೊಳೆಯಾಚೆಯವನೂ ಬಿಡಲಿಲ್ಲ. ತಂದು ಹಾಕಿದ್ದು ನಮ್ಮ ಸರಹದ್ದಿಗೆ, ಕೇಸು ನಮ್ಮದು ಎಂದ. ನನ್ನ ತಮ್ಮ ಯಾರಿಗೂ ಬೇಕಿರಲಿಲ್ಲ, ನನ್ನ ಗಂಡ ಇಬ್ಬರಿಗೂ ಬೇಕಾಗಿದ್ದರು. ಥೂ ಇವರ ಜನ್ಮಕ್ಕಿಷ್ಟು ಎಂದು ಗಟ್ಟಿಯಾಗಿಯೇ ಅಂದೆ, ಯಾರೂ ನನ್ನನ್ನು ಗದರಿಸಲಿಲ್ಲ.

"ಯಾರಾದ್ರೂ ಬರ್ಕೊಳ್ಳಿ ಸಾರ್," ಎಂದರು ನನ್ನ ಗಂಡ. "ಆದ್ರೆ ಎಲ್ಲಿಂದ ಎಳ್ದೆ ಅಂತ ಮೊದ್ಲು ಬರ್ಕೊಳ್ಳಿ."

ನಮ್ಮ ಇನ್‌ಸ್ಪೆಕ್ಟರ್ ಮುಖ ಇಂಗು ತಿಂದ ಮಂಗನಂತಾಯಿತು. ಎಲ್ಲಿಂದ ಎಂದು ಬರೆದರೆ ಅಪಘಾತ ಈಚೆಗೇ ಆಯಿತೆಂದು ತಾನೇ ಬರೆದಂತೆ. ಜನರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ದೊಡ್ಡ ಅಧಿಕಾರಿ ಅದನ್ನು ಗಮನಿಸಿ, ಅಪಘಾತದ್ದು, ಎಳೆದದ್ದು, ಎರಡೂ ಕೇಸು ಇಲ್ಲೇ ಬರೆದುಕೊಳ್ಳಿ ಎಂದು ಗೊಣಗಿದ.

ಬರೆದರು. ಹೆಡ್ ಕಾನ್‌ಸ್ಟೆಬಲ್ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಜೀಪಿನ ಬಾಗಿಲು ತೆರೆದು ಹಿಡಿದವನೂ ಅವನೇ. ಎಳೆಸಿದವನು ಹೊರಗೆ ನಿಂತ, ಎಳೆದವರು ಒಳಗೆ ಹತ್ತಿದರು. ಹತ್ತುವ ಮುನ್ನ ನನ್ನ ಕಡೆ ನೋಡಿದರು. ನಾನು ಅವರನ್ನು ಕ್ಷಮಿಸಿರಲಿಲ್ಲ, ಆದರೂ ಕಣ್ಣು ತಪ್ಪಿಸಲಿಲ್ಲ. ಜೀಪಿನ ಹಿಂದೆ ಓಡಲಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಕೇಸು ಬರೆದ ಮೇಜಿನ ಮುಂದೆ ನಿಂತು ಟೋಲ್ ಗೇಟಿಗೆ ಕೊಡುವ ಪತ್ರ ಕೇಳಿದೆ. ನಾಳೆ ಬಾ ಎಂದ. ಅವನು ಬರೆದು ಸಹಿ ಹಾಕುವ ತನಕ ನಾನು ಅಲ್ಲಿಂದ ಕದಲಲಿಲ್ಲ.